ಪರದೆ ಆಚೆ ಯಾರ ಕೈ

ಹೋದ ವರ್ಷದ ಮಾತು. ಜಯನಗರದ ಒಂದು ನರ್ಸಿಂಗ್ ಹೋಂನಲ್ಲಿ ಚೀಫ್ ಸರ್ಜನ್ ಆಗಿದ್ದು ರಿಟೈರ್ ಆದವನು ನಾನು. ಅಲ್ಲೇ, ನನ್ನದೇ ಹಳೇ ಥಿಯೇಟರ್‌ನಲ್ಲಿ, ಪೇಷೆಂಟ್ ಆಗಿ ಮಲಗಿದೆ. ಬಲಗಡೆ ಹರ್ನಿಯಾ. ಆಪರೇಷನ್ ಮಾಡಬೇಕಾದವನು ಮುರಳಿ, ನಾನೇ ತಯಾರು ಮಾಡಿದ ಸರ್ಜನ್.

ನನ್ನ ಟ್ರೈನಿಂಗ್ ಅಂದ್ರೆ ತಮಾಷೆ ಅಲ್ಲ. ಅಲ್ಲ, ತಮಾಷೆನೇ. ಬಿಸಿ ಇಡ್ಲಿ ತರಿಸಿ ಫೋರ್ಸೆಪ್ಸ್, ಅಂದ್ರೆ ನಮ್ಮ ಚಿಮಟ, ಕೈಗೆ ಕೊಡ್ತಿದ್ದೆ. ಇಡ್ಲಿ ಎತ್ತಬೇಕು, ಒಡೀಬಾರ್ದು, ಗುರುತೂ ಬೀಳಬಾರ್ದು. ಒಡೆದವನನ್ನ ವಾರವಿಡೀ "ಏನಪ್ಪಾ ಉಪ್ಪಿಟ್ಟು" ಅಂತ ಕರೀತಿದ್ದೆ. ಟಿಶ್ಯೂಗೆ, ಅಂದ್ರೆ ಮೈಯೊಳಗಿನ ಮಾಂಸಕ್ಕೆ, ಜೀವ ಇದೆ, ಜಜ್ಜಿದ್ರೆ ಸಾಯುತ್ತೆ, ಸತ್ತ ಕಡೆ ಕೀವು. ಇಷ್ಟು ಹೇಳೋಕೆ ಅಷ್ಟು ನಾಟಕ. ಉಪ್ಪಿಟ್ಟು ಆಗದೆ ಉಳಿದವನು ಮುರಳಿ ಒಬ್ಬನೇ. ಆರ್ಟರಿ ಫೋರ್ಸೆಪ್ಸ್‌ಗೆ ಹಲ್ಲಿನ ಲಾಕ್ ಇರುತ್ತೆ, ಒಂದೊಂದು ಹಲ್ಲು ಕೂತಾಗಲೂ ಟಿಕ್ ಅನ್ನುತ್ತೆ, ಹಿಡಿತ ಬಿಗಿಯಾಗುತ್ತೆ. ಟಿಶ್ಯೂ ಅಂಚು ಹಿಡಿಯುವಾಗ ಅವನು ಒಂದೇ ಹಲ್ಲಿಗೆ ನಿಲ್ಲಿಸ್ತಿದ್ದ. ಟಿಕ್, ಅಷ್ಟೇ. ಬೆಂಗಳೂರಲ್ಲಿ ಅಂಥ ಕೈ ಇನ್ನೊಂದಿಲ್ಲ, ನನ್ನದು ಬಿಟ್ರೆ.

"ಬೇರೆ ಯಾರೂ ಮುಟ್ಟಬಾರ್ದು ಕಣೋ" ಅಂದಿದ್ದೆ.

"ನಾನೇ ಮಾಡ್ತೀನಿ ಸಾರ್" ಅಂದಿದ್ದ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ರು. ಎದೆ ಮುಂದೆ ಹಸಿರು ಪರದೆ. ಎಚ್ಚರವಾಗೇ ಇದ್ದೆ. ಕೇಳಿಸ್ತು: ಟಿಕ್ ಟಿಕ್ ಟಿಕ್. ಲಾಕ್ ಪೂರ್ತಿ ಕೂತಿತ್ತು. ನೋವಿಲ್ಲ, ಆದ್ರೆ ಎಳೆದಾಟ ಗೊತ್ತಾಗ್ತಿತ್ತು, ತರಕಾರಿ ಚೀಲದ ಬಾಯಿ ಜಗ್ಗಿದ ಹಾಗೆ.

"ಮುರಳಿ, ಯಾರಪ್ಪಾ ಅದು?"

"ನಾನೇ ಸಾರ್. ಆರಾಮಾಗಿ ಮಲಗಿ."

ಆ ದನಿ ಬಂದಿದ್ದು ಎಡಗಡೆಯಿಂದ. ಬಲಗಡೆ ಹರ್ನಿಯಾಗೆ ಸರ್ಜನ್ ನಿಲ್ಲೋದು ಬಲಗಡೆ, ಅಸಿಸ್ಟೆಂಟ್ ಎಡಗಡೆ. ಅಂದ್ರೆ ಚಿಮಟ ಇನ್ಯಾರದೋ ಕೈಯಲ್ಲಿ.

ಮಾರನೇ ದಿನ ಗಾಯದ ಸುತ್ತ ನೇರಳೆಹಣ್ಣಿನ ಬಣ್ಣ. ಮುರಳಿ ರೌಂಡ್ಸ್‌ಗೆ ಬಂದ, ಜೊತೆಗೊಬ್ಬ ಜೂನಿಯರ್. ನನ್ನ ತಟ್ಟೇಲಿ ಕ್ಯಾಂಟೀನ್ ಇಡ್ಲಿ ಇತ್ತು. ಡ್ರೆಸ್ಸಿಂಗ್ ಟ್ರೇಯಿಂದ ಫೋರ್ಸೆಪ್ಸ್ ತಗೊಂಡು ಜೂನಿಯರ್ ಕೈಗಿಟ್ಟೆ.

"ಎತ್ತಪ್ಪಾ."

ಇಡ್ಲಿ ಎರಡು ಹೋಳಾಯ್ತು. ಮುರಳಿ ನೆಲ ನೋಡ್ದ.

"ಕಲೀಲಿ ಅಂತ ಬಿಟ್ಟೆ ಸಾರ್."

"ಕಲೀಲಿ. ಕೇಳಿದ್ರೆ ಬೈಕೊಂಡಾದ್ರೂ ಒಪ್ತಿದ್ದೆ. 'ನಾನೇ' ಅಂತ ಯಾಕಂದೆ?"

ಮುರಳಿ ಜೂನಿಯರ್ ಕೈಯಿಂದ ಫೋರ್ಸೆಪ್ಸ್ ತಗೊಂಡು ಟ್ರೇಗಿಟ್ಟ.

ಹೊಲಿಗೆ ಬಿಚ್ಚಿಸೋಕೆ ಅವನ ಹತ್ರ ಹೋಗಲಿಲ್ಲ. ತಿಲಕ್ ನಗರದ ಸಣ್ಣ ಕ್ಲಿನಿಕ್ ಒಂದಕ್ಕೆ ಹೋದೆ. ನಾನು ಯಾರು ಅಂತ ಅಲ್ಲಿನ ಡಾಕ್ಟರಮ್ಮನಿಗೆ ಗೊತ್ತಿಲ್ಲ. "ಅಂಕಲ್, ಈ ಹೊಲಿಗೆ ಗಟ್ಟಿ ಕೂತಿದೆ, ನೋವಾಗುತ್ತೆ" ಅಂದ್ಲು. ಆಯ್ತು ಕೂಡ. ಕೈ ಅಷ್ಟೇನೂ ಹಗುರ ಇಲ್ಲ, ನನ್ನ ಹತ್ರ ಇದ್ದಿದ್ರೆ ಉಪ್ಪಿಟ್ಟೇ. ಆದ್ರೆ ಇದ್ದದ್ದನ್ನ ಮೊದಲೇ ಹೇಳಿದ್ಲು.

ಕೈ ಹಗುರ ಇರಬೇಕು ಅಂತ ಊರಿಗೆಲ್ಲಾ ಕಲಿಸ್ದೆ. ಮಲಗಿರೋನಿಗೆ ಅದಕ್ಕೂ ಮೊದಲು ಬೇಕಾಗಿರೋದು ಯಾರ ಕೈ ಅನ್ನೋ ನಿಜ. ಇದನ್ನ ಟೇಬಲ್ ಮೇಲೆ ಮಲಗಿ ಕಲಿತೆ.

ಮುರಳಿ ಈಗಲೂ ಫೋನ್ ಮಾಡ್ತಾನೆ. "ನಾನೇ ಸಾರ್" ಅಂತಾನೆ.

"ಎಡಗಡೆ ನಿಂತಿದ್ದೀಯೋ, ಬಲಗಡೆನೋ?" ಅಂತ ಕೇಳಿ ಇಟ್ಟುಬಿಡ್ತೀನಿ.