ಹಳದಿ ಗೆರೆಯ ನಟ್ಟು

ಬಂಧುಗಳೇ, ಕೈಯ ಕೆಲಸವನ್ನು ಕ್ಷಣಕಾಲ ಬದಿಗಿಟ್ಟು ಕಿವಿಗೊಡಿರಿ. ದೊಡ್ಡವರ ಚರಿತ್ರೆ ಹೇಳಲು ಬೇಕಾದಷ್ಟು ಜನರಿದ್ದಾರೆ. ಇದು ತಗಡಿನ ಸೂರಿನಡಿ ಹಳೆಯ ಕಾರುಗಳನ್ನು ರಿಪೇರಿ ಮಾಡುತ್ತ ಮೂವತ್ತು ವರ್ಷ ಸವೆಸಿದ ಒಬ್ಬ ಮೆಕ್ಯಾನಿಕ್ಕನ ಕಥೆ.

ಅವನನ್ನು ಎಲ್ಲರೂ ‘ಅರೆಸುತ್ತು’ ಎಂದೇ ಕರೆಯುತ್ತಿದ್ದರು. ಯಾವ ನಟ್ಟೇ ಆಗಲಿ, ಅರ್ಧ ಸುತ್ತು ತಿರುಗಿಸಿ, ಪರೀಕ್ಷಿಸಿ, ಆಮೇಲಷ್ಟೇ ಮತ್ತರ್ಧ ತಿರುಗಿಸುವ ಶಿಸ್ತು ಅವನದು. ಕೆಲಸ ಮುಗಿದ ಮೇಲೆ ನಟ್ಟಿನ ಮೇಲೆ, ಪಕ್ಕದ ಲೋಹಕ್ಕೂ ತಾಕುವಂತೆ, ಹಳದಿ ಬಣ್ಣದ ಸಣ್ಣ ಗೆರೆ ಎಳೆಯುತ್ತಿದ್ದ. ಗೆರೆ ಮುರಿದಿದ್ದರೆ ಬೇರೆ ಯಾರೋ ಕೈಯಾಡಿಸಿದ್ದಾರೆಂದು ಅರ್ಥ. “ಇದು ನನ್ನ ರುಜು” ಎಂದು ಬೀಗುತ್ತಿದ್ದ.

ಒಂದು ಬೆಳಿಗ್ಗೆ ನರ್ಸಮ್ಮನ ಹಳೆಯ ಕಾರು ಏದುಸಿರು ಬಿಡುತ್ತ ಬಂದು ನಿಂತಿತು. ನಿವೃತ್ತರಾದ ಮೇಲೂ ದಿಬ್ಬದ ಮೇಲಿನ ಬೀದಿಗಳಿಗೆ ಹೋಗಿ, ಹಾಸಿಗೆ ಹಿಡಿದವರ ಗಾಯಕ್ಕೆ ಪಟ್ಟಿ ಕಟ್ಟಿ ಬರುತ್ತಿದ್ದ ಕುಳ್ಳಗಿನ ಮುದುಕಿ ಆಕೆ. ಪಕ್ಕದ ಸೀಟಿನಿಂದ ಮಗ ಮುಖ ಗಂಟಿಕ್ಕಿಕೊಂಡು ಇಳಿದ.

“ದಿಬ್ಬ ಹತ್ತೋವಾಗ ಇಂಜಿನ್ ಕೂಗಾಡುತ್ತೆ, ಕಾರು ಮಾತ್ರ ಆಮೆ! ಸುಟ್ಟ ವಾಸನೆ ಬೇರೆ. ಅಮ್ಮ ಕ್ಲಚ್ ಮೇಲಿಂದ ಕಾಲೇ ತೆಗೆಯಲ್ಲ ಅಣ್ಣ. ನೀವೊಂದು ಮಾತು ಹೇಳಿ, ಕಾರು ಮಾರಿಬಿಡ್ತೀನಿ.”

“ನಾನು ಕಾಲು ಇಟ್ಟೇ ಇಲ್ಲ ಕಣೋ! ನಿನ್ನ ತೊಟ್ಟಿಲು ತೂಗಿದ ಕಾಲು ಇದು, ಎಲ್ಲಿದೆ ಅಂತ ನನಗೆ ಗೊತ್ತಾಗಲ್ವಾ?” ಎಂದು ಸಿಡುಕಿದ ನರ್ಸಮ್ಮನ ದನಿ ಮರುಕ್ಷಣವೇ ತಗ್ಗಿತು. “ಗೊತ್ತಾಗದೇನೇ ಇಟ್ಟಿರ್ತೀನೋ ಏನೋ... ನಿಜ ಹೇಳಪ್ಪ. ಕಾಲು ಸೋತಿದ್ರೆ ಕೀಲಿಕೈ ಕೊಟ್ಟುಬಿಡ್ತೀನಿ.”

ಅರೆಸುತ್ತು ಪೆಡಲನ್ನು ಬೆರಳಿನಿಂದ ಒತ್ತಿ ನೋಡಿದ. ಕ್ಲಚ್ಚಿನ ಪೆಡಲು ಮೊದಲು ಒಂದು ಬೆರಳಿನಗಲ ಹಗುರವಾಗಿ ಇಳಿಯಬೇಕು. ಆ ಸಡಿಲವಿಲ್ಲದಿದ್ದರೆ ಕೇಬಲ್ಲು ಸದಾ ಎಳೆದುಕೊಂಡೇ ಇದ್ದು, ಕಾಲಿಡದಿದ್ದರೂ ಇಟ್ಟಂತಾಗಿ ಕ್ಲಚ್ಚು ಜಾರುತ್ತದೆ, ಇಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುವುದಿಲ್ಲ. ಇಲ್ಲಿ ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಬಾನೆಟ್ಟು ಎತ್ತಿ ಕೇಬಲ್ಲನ್ನು ತಡವಿದ. ಎಳೆ ಬಿಚ್ಚಿರಲಿಲ್ಲ, ತುಕ್ಕು ಹಿಡಿದಿರಲಿಲ್ಲ. ತುದಿಯ ನಟ್ಟಿನ ಕೊಳೆಯನ್ನು ಚಿಂದಿಯಿಂದ ಒರೆಸಿದ. ಹಳದಿ ಗೆರೆ! ಎಲ್ಲಿಯೂ ಮುರಿದಿರಲಿಲ್ಲ.

ಅಂದರೆ ಬೇರೆ ಯಾರೂ ಕೈಯಾಡಿಸಿರಲಿಲ್ಲ. ನಾಲ್ಕು ತಿಂಗಳ ಹಿಂದೆ ನರ್ಸಮ್ಮ, “ಪೂರ್ತಿ ತುಳಿಯೋಕೆ ಕಾಲು ಎಟುಕಲ್ಲ ಕಣಪ್ಪ” ಎಂದಿದ್ದರು. ಪೆಡಲನ್ನು ಅರ್ಧ ತುಳಿದರೂ ಸಾಕಾಗಲೆಂದು, ಕರುಣೆ ಉಕ್ಕಿ, ಶಿಸ್ತು ಮರೆತು, ಇವನೇ ಒಂದೇ ಏಟಿಗೆ ಮೂರು ಸುತ್ತು ಬಿಗಿದಿದ್ದ. ಉಳಿದ ಚೂರು ಸಡಿಲವನ್ನು ಸವೆಯುತ್ತ ಬಂದ ಕ್ಲಚ್ಚಿನ ಪ್ಲೇಟು ನುಂಗಿಹಾಕಿತ್ತು.

“ಏನಣ್ಣ, ಅಮ್ಮನ ಕಾಲೇ ತಾನೆ?” ಎಂದ ಮಗ.

ಹೂಂ ಎಂದಿದ್ದರೆ ಸಾಕಿತ್ತು. ಚಿಂದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಿದ್ದರೆ ಗೆರೆಯೂ ಮಾಯವಾಗುತ್ತಿತ್ತು, ಮೂವತ್ತು ವರ್ಷದ ಹೆಸರೂ ಉಳಿಯುತ್ತಿತ್ತು. ಆದರೆ ಬಾನೆಟ್ಟಿನಡಿಯ ಕತ್ತಲನ್ನೂ ಕಾಣುವ ಕಣ್ಣೊಂದು ಮೇಲಿದೆಯಲ್ಲ, ಬಂಧುಗಳೇ! ಆ ಕಣ್ಣಿನ ಮುಂದೆ ಒಬ್ಬ ತಾಯಿಯ ಕಾಲಿಗೆ ಸುಳ್ಳು ಅಪವಾದ ಹೊರಿಸಲು ಅವನ ನಾಲಿಗೆ ಏಳಲಿಲ್ಲ.

“ಅಮ್ಮನ ಕಾಲಲ್ಲಪ್ಪ, ನನ್ನ ಕೈ. ಬನ್ನಿ, ನೋಡಿ, ನನ್ನದೇ ರುಜು. ಒಳ್ಳೇದು ಮಾಡೋಕೆ ಹೋಗಿ ಮೂರು ಸುತ್ತು ಬಿಗಿದುಬಿಟ್ಟೆ. ತಪ್ಪಾಯ್ತು ಕಣಮ್ಮ.”

“ಅರೆಸುತ್ತು ಅನ್ನೋ ಹೆಸರಿಟ್ಕೊಂಡು ಮೂರು ಸುತ್ತಾ?” ಎಂದು ನರ್ಸಮ್ಮ ನಕ್ಕರು, ಕಣ್ಣು ಮಾತ್ರ ತುಂಬಿತ್ತು.

ಅವನು ಅರ್ಧರ್ಧ ಸುತ್ತಾಗಿ ನಟ್ಟು ಸಡಿಲಿಸಿದ. ಪ್ರತಿ ಸಲವೂ ಪೆಡಲು ಒತ್ತಿ, ಒಂದು ಬೆರಳಿನ ಅಳತೆ ಸಿಕ್ಕ ಮೇಲೆ ನಿಲ್ಲಿಸಿದ. ಎಟುಕದ ಕಾಲಿಗೆ ಮದ್ದು ಕೇಬಲ್ಲಿನಲ್ಲಿರಲಿಲ್ಲ. ತನ್ನ ಕುರ್ಚಿಯ ದಿಂಬನ್ನು ತಂದು ನರ್ಸಮ್ಮನ ಬೆನ್ನ ಹಿಂದೆ ಇಟ್ಟ; ಆಕೆ ಮುಂದೆ ಸರಿದು, ಕಾಲು ಪೆಡಲಿಗೆ ಪೂರ್ತಿ ಎಟುಕಿತು. ಕಾರು ಎದುರಿನ ದಿಬ್ಬವನ್ನು ತಕರಾರಿಲ್ಲದೆ ಹತ್ತಿ ಇಳಿದು ಬಂತು.

“ಪ್ಲೇಟು ಕೊಂಚ ಸವೆದಿದೆ. ಮತ್ತೆ ಜಾರಿದ್ರೆ ಬನ್ನಿ, ಅದನ್ನ ಬದಲಾಯಿಸೋ ಹೊಣೆ ನಂದು” ಎಂದ ಅರೆಸುತ್ತು.

ಮಗ ತಲೆ ಕೆರೆದುಕೊಂಡು, “ನನ್ನನ್ನ ಮನೆ ಹತ್ರ ಇಳಿಸಿ, ನೀನು ಪಟ್ಟಿ ಕಟ್ಟೋಕೆ ಹೋಗಮ್ಮ” ಎಂದ.

ಕೇಳಿದವರೇ, ನಿಮ್ಮ ಕೈತಪ್ಪಿನ ಭಾರವನ್ನು ಏನೂ ಅರಿಯದ ಜೀವವೊಂದು ಹೊತ್ತು ನಿಂತಿರುವುದು ಕಂಡರೆ, ದೇವರ ಮೇಲಾಣೆ, ಗೆರೆಯನ್ನು ಒರೆಸಬೇಡಿರಿ. ಎಲ್ಲರನ್ನೂ ಕರೆದು ತೋರಿಸಿರಿ.