ಮತ್ತೆ ಮತ್ತೆ ಹಾಡಿದ ಒಂದೇ ಪದ

೧೯೭೯ನೇ ಇಸವಿ. ತೀರ್ಥಹಳ್ಳಿಯ ಕಾಲೇಜಿನಲ್ಲಿ ನಾನು ಮೊದಲ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ಹೊಸನಗರದ ಕಡೆಯ ನಮ್ಮೂರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ನಮ್ಮ ಹೆಸರಿಗೆ ಆಗಿ ಕೆಲವೇ ವರ್ಷವಾಗಿತ್ತು. ನಾನು ಟ್ರಂಕು ಹೊತ್ತು ಹಾಸ್ಟೆಲಿಗೆ ಹೊರಟ ದಿನ ಕೇರಿಯವರೆಲ್ಲ ಬಸ್ಸಿನವರೆಗೆ ಬಂದಿದ್ದರು. ಅಂಥವನಿಗೆ ಹೇಳಿಕೊಳ್ಳಲಾಗದ ಒಂದು ಕಾಯಿಲೆ ಅಂಟಿಕೊಂಡಿತು. ಜ್ವರವಲ್ಲ, ಕೆಮ್ಮಲ್ಲ. ಅಳು.

ಪಿಯುಸಿಯನ್ನು ಹೇಗೋ ಉರುಹೊಡೆದು ದಾಟಿದ್ದೆ. ಬಿ.ಎಸ್ಸಿ.ಯಲ್ಲಿ ಆ ಆಟ ನಡೆಯಲಿಲ್ಲ. ಲೆಕ್ಚರರು ಎಬ್ಬಿಸಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಗೊತ್ತಿದ್ದರೂ ಕಿವಿ ಬಿಸಿಯಾಗಿ, ಕಣ್ಣಲ್ಲಿ ನೀರು ಬಂದುಬಿಡುತ್ತಿತ್ತು. ಮೀಸೆ ಚಿಗುರಿದ ಗಂಡುಹುಡುಗ ತರಗತಿಯ ನಡುವೆ ನಿಂತು ಅಳುವುದೆಂದರೆ ಏನು! ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ಹುಡುಗರು ಡೆಸ್ಕಿನ ಕೆಳಗೆ ಬಾಗಿ ನಗುತ್ತಿದ್ದರು. ಪಕ್ಕದ ರೂಮಿನ ಪ್ರಭಾಕರ ನನಗೆ 'ತುಂಗಮ್ಮ' ಎಂದು ಹೆಸರಿಟ್ಟ. ಊರಿನ ತುಂಗಾ ಹೊಳೆಯ ಹಾಗೆ ಯಾವಾಗಲೂ ಹರಿಯುತ್ತಲೇ ಇರುತ್ತಾಳಂತೆ. ಅವನು ದೊಡ್ಡ ಜಮೀನ್ದಾರರ ಮನೆಯ ಹುಡುಗ, ಮಾತಿನಲ್ಲಿ ಪಟಾಕಿ. ವಾರದೊಳಗೆ ಅಡುಗೆ ಭಟ್ಟರೂ ನನ್ನನ್ನು ಹಾಗೆಯೇ ಕರೆದು ನಾಲಿಗೆ ಕಚ್ಚಿಕೊಂಡರು.

ನಾನು ಕ್ಲಾಸಿಗೆ ಹೋಗುವುದನ್ನು ಬಿಟ್ಟೆ. ಹೊಟ್ಟೆನೋವು ಎಂದು ರೂಮಿನಲ್ಲೇ ಮಲಗತೊಡಗಿದೆ. ಕೊನೆಗೆ ಒಂದು ದಿನ ಹೊಸನಗರದ ಬಸ್ಸಿನ ಕಂಡಕ್ಟರ್ ಹತ್ತಿರ, "ನಂಗೆ ಓದು ಬೇಡ, ಕರ್ಕೊಂಡು ಹೋಗೋಕೆ ಬಾ ಅಂತ ಅಪ್ಪನಿಗೆ ಹೇಳಿ" ಎಂದು ಹೇಳಿಕಳಿಸಿದೆ. ಟಿ.ಸಿ. ಕೇಳಲು ವಾರ್ಡನ್ ಬಳಿಗೂ ಹೋದೆ.

ನಮ್ಮ ವಾರ್ಡನ್ ಸಾರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದರು, ಬಿಡುವಿನಲ್ಲಿ ತಾಳಮದ್ದಳೆಯ ಭಾಗವತರಾಗಿ ಹಾಡುತ್ತಿದ್ದರು. ನಮ್ಮ ಕಡೆಯ ತಾಳಮದ್ದಳೆ ನೋಡದವರಿಗೆ ಒಂದು ಮಾತು ಹೇಳಬೇಕು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಎಲ್ಲರೂ ಕುಳಿತಲ್ಲೇ ಮಾತಿನಲ್ಲಿ ಕಥೆ ನಡೆಸುತ್ತಾರೆ. ಭಾಗವತರು ಒಂದು ಪದ ಹಾಡುತ್ತಾರೆ. ಅದು ಮುಗಿದ ಮೇಲೆ ಪಾತ್ರ ವಹಿಸಿದವನು ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಬೆಳೆಸಿ ಹೇಳಬೇಕು. ಎದುರಿನವನು ಎಷ್ಟೇ ಚುಚ್ಚಿದರೂ ಪದ ಮುಗಿಯುವವರೆಗೆ ಬಾಯಿ ತೆರೆಯುವ ಹಾಗಿಲ್ಲ.

ವಾರ್ಡನ್ ಸಾರ್ ನನ್ನ ಮಾತನ್ನೆಲ್ಲ ಕೇಳಿದರು. ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ, ಹೇಳಲಿಲ್ಲ.

"ಟಿ.ಸಿ. ತಾನೆ? ಪ್ರಿನ್ಸಿಪಾಲರಿಗೆ ಹೇಳಿ ನಾನೇ ಕೊಡಿಸ್ತೀನಿ. ಆದ್ರೆ ಸಾಗರದಲ್ಲಿ ನಮ್ಮ ಹುಡುಗರ ತಾಳಮದ್ದಳೆ ಇದೆ. ಶ್ರುತಿಪೆಟ್ಟಿಗೆಗೆ ಜನ ಇಲ್ಲ ಮಾರಾಯ. ಅದು ಮುಗಿಸಿಕೊಂಡು ಹೋಗು" ಎಂದರು. ಅಪ್ಪ ಬಂದಾಗಲೂ ಅದನ್ನೇ ಹೇಳಿ, ಸಾಗರಕ್ಕೇ ಬನ್ನಿ, ನೋಡಿಕೊಂಡು ಕರೆದುಕೊಂಡು ಹೋಗಿ ಎಂದು ವಾಪಸು ಕಳಿಸಿದರು.

ಹೀಗೆ ಪ್ರತಿ ಸಂಜೆ ಅವರ ಮನೆಯ ಜಗಲಿಯಲ್ಲಿ ನನ್ನ ಪಾಠ ಶುರುವಾಯಿತು. ಪಾಠ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಶ್ರುತಿಪೆಟ್ಟಿಗೆಯ ತಿದಿ ಒತ್ತುವುದು ನನ್ನ ಕೆಲಸ. "ಅವಸರ ಮಾಡಿದ್ರೆ ಶ್ರುತಿ ನಡುಗ್ತದೆ. ನಿನ್ನ ಉಸಿರಿನ ಜತೆಗೇ ಒತ್ತು, ಉಸಿರು ಹೊಟ್ಟೆಗೆ ಇಳೀಲಿ" ಎನ್ನುತ್ತಿದ್ದರು. ಅಭ್ಯಾಸಕ್ಕೆ ಮುಂಚೆ ಎಲ್ಲರೂ ಪೀಠಿಕೆ ಹೇಳಬೇಕಿತ್ತು. ತಾಳಮದ್ದಳೆಯಲ್ಲಿ ಪಾತ್ರ ಬಂದೊಡನೆ ತಾನು ಯಾರು, ಯಾವ ಮನಸ್ಥಿತಿಯಲ್ಲಿ ಬಂದಿದ್ದೇನೆ ಎಂದು ಹೇಳಿಕೊಳ್ಳುವುದಕ್ಕೆ ಪೀಠಿಕೆ ಎನ್ನುತ್ತಾರೆ. ಸಾರ್ ನಮ್ಮಿಂದ ನಮ್ಮದೇ ಪೀಠಿಕೆ ಹೇಳಿಸುತ್ತಿದ್ದರು. "ಬೇಜಾರು ಅಂದ್ರೆ ಸಾಲದು. ಸಿಟ್ಟಾ, ಹೆದರಿಕೆಯಾ, ಹೊಟ್ಟೆಕಿಚ್ಚಾ? ಗಿಡಕ್ಕೆ ಹೆಸರಿಡದೆ ನಾನು ಪಾಠ ಮಾಡ್ತೀನಾ?" ನನ್ನ ಸರದಿ ಬಂದಾಗ ಮೊದಮೊದಲು ತಿದಿಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದೆ. ಬರಬರುತ್ತಾ, "ನಂಗೆ ನಾಚಿಕೆ ಆಗ್ತಿದೆ ಸಾರ್" ಎಂದು ಹೇಳುವಷ್ಟಾದೆ. "ಆಗ್ಲಿ ಬಿಡು. ನಾಚಿಕೆ ಬಂದವನು ಕೂತ್ಕೋಬಾರದು ಅಂತ ಎಲ್ಲಿದೆ?" ಎಂದು ಅವರು ಮುಂದಿನವನ ಕಡೆ ತಿರುಗುತ್ತಿದ್ದರು.

ದೂತನ ಅರ್ಥ ಹೇಳಬೇಕಿದ್ದ ಹುಡುಗನಿಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತು. ಸಾರ್ ಆ ಪಾತ್ರವನ್ನು ನನ್ನ ಕೊರಳಿಗೆ ಕಟ್ಟಿದರು. ಸಂಧಾನಕ್ಕೆಂದು ರಾಜನ ಆಸ್ಥಾನಕ್ಕೆ ಬರುವ ದೂತ. ಮಾತು ಕಡಿಮೆ, ಬೈಸಿಕೊಳ್ಳುವುದೇ ಹೆಚ್ಚು. ರಾಜ ಯಾರು? ಪ್ರಭಾಕರ! ಅಭ್ಯಾಸದಲ್ಲಿ ಅವನು ಎಷ್ಟು ಹಂಗಿಸಿದರೂ ಪದ ಮುಗಿಯುವವರೆಗೆ ಉಸಿರು ನೋಡುತ್ತಾ ಕೂತಿದ್ದು, ಅವನು ಹೇಳಿದ್ದನ್ನೇ ಮೊದಲು ಒಂದು ಸಲ ಹೇಳಿ, ಆಮೇಲೆ ನನ್ನ ಉತ್ತರ ಹೇಳುವುದನ್ನು ಕಲಿತೆ. ಕಣ್ಣು ಒದ್ದೆಯಾಗುವುದು ಕಡಿಮೆಯಾಗಿತ್ತು. ಗೆದ್ದೆ ಎಂದೇ ತಿಳಿದಿದ್ದೆ.

ಸಾಗರದ ಕಾರ್ಯಕ್ರಮ ಒಂದು ಭಾನುವಾರ ಮಧ್ಯಾಹ್ನ. ಹಾಲ್ ತುಂಬಾ ಜನ. ಮುಂದಿನ ಸಾಲಿನಲ್ಲಿ ಅರ್ಥಗಾರಿಕೆಯ ರುಚಿ ಬಲ್ಲ ಹಿರಿಯರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನಮ್ಮ ಹಾಸ್ಟೆಲಿನ ಪಡೆ ಒಂದು ಮೂಲೆಯಲ್ಲಿ. ಹಿಂದೆ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಅಪ್ಪ. ಒಗೆದ ಅಂಗಿ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸೆಟೆದು ಕೂತಿದ್ದ.

ಪೀಠಿಕೆ ಚೆನ್ನಾಗಿಯೇ ಹೋಯಿತು. ಆಮೇಲೆ ಪ್ರಭಾಕರನಿಗೆ ಸಭೆಯ ನಗು ತಲೆಗೇರಿತು. ಅಭ್ಯಾಸದಲ್ಲಿ ಇಲ್ಲದ ಮಾತು ತೆಗೆದ.

"ಎಲವೋ ದೂತ, ನಿನ್ನನ್ನು ಕಳಿಸಿದವರಿಗೆ ಗಂಡಸರೇ ಸಿಗಲಿಲ್ಲವೇ? ಹೋಗಿ ಹೋಗಿ ಈ ತುಂಗಮ್ಮನನ್ನು ಕಳಿಸಿದರೇ?"

ಹಾಸ್ಟೆಲಿನ ಮೂಲೆ ಹೋ ಎಂದಿತು. ಉಳಿದವರು ಅರ್ಥವಾಗದಿದ್ದರೂ ನಕ್ಕರು. ನಾನು ನೋಡಬಾರದಿತ್ತು, ಅಪ್ಪನ ಕಡೆ ನೋಡಿಬಿಟ್ಟೆ. ಅವನೊಬ್ಬ ನಗುತ್ತಿರಲಿಲ್ಲ. ಅಷ್ಟೇ ಸಾಕಾಯಿತು. ಕಲಿತದ್ದೆಲ್ಲ ಗಾಳಿಗೆ ಹೋಯಿತು. ಬರೀ ಕಣ್ಣೀರಲ್ಲ, ಬಿಕ್ಕು. ಭುಜ ಅಲುಗಾಡುತ್ತಿತ್ತು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಶಾಲಿನ ತುದಿ ಎತ್ತಿದರೆ ಎಲ್ಲರಿಗೂ ಕಾಣುತ್ತದೆ. ಆ ನಾಚಿಕೆಯನ್ನು ಹೇಗೆ ಹೇಳಲಿ! ಚಾಪೆಯ ಕೆಳಗೆ ನುಗ್ಗಿಬಿಡೋಣ ಅನ್ನಿಸಿತು.

ವಾರ್ಡನ್ ಸಾರ್ ತಾಳ ಎತ್ತಿಕೊಂಡು ಪದ ಹಾಡಿದರು. 'ಹೇಳು ದೂತನೆ ಬಂದ ಕಾರ್ಯವ.' ಮುಗಿಯಿತು, ನನ್ನ ಬಾಯಿಯಿಂದ ಮಾತಿಲ್ಲ. ಅವರು ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಅದೇ ಪದವನ್ನು ಮತ್ತೆ ಎತ್ತಿಕೊಂಡರು, ಈ ಸಲ ನಿಧಾನವಾಗಿ. ಮದ್ದಳೆಯವರು ಅನುಮಾನದಿಂದ ಅವರ ಮುಖ ನೋಡಿದರು. ಸಾರ್ ಕಣ್ಣಲ್ಲೇ 'ಬಾರಿಸಿ' ಎಂದರು. ಮತ್ತೂ ಹಾಡಿದರು. ಸಾಲನ್ನು ಅತ್ತ ಇತ್ತ ತಿರುಗಿಸಿ, ಎಳೆದು, ಆಲಾಪ ಸೇರಿಸಿ ಹಾಡಿದರು. ಮುಂದಿನ ಸಾಲಿನವರು ತಲೆದೂಗತೊಡಗಿದರು. ಸಭೆಯ ಕಣ್ಣು ನನ್ನನ್ನು ಬಿಟ್ಟು ಅವರ ಕಡೆ ಹೋಯಿತು. ನಾನು ಶಾಲಿನಿಂದ ಮೂಗು ಒರೆಸಿಕೊಂಡೆ. ಶ್ರುತಿಯ ಜತೆ ಉಸಿರು ಎಳೆದೆ. ಎದೆಯಲ್ಲೇ ಸಿಕ್ಕಿಕೊಂಡಿದ್ದ ಉಸಿರು ಬಹಳ ಹೊತ್ತಿನ ಮೇಲೆ ಹೊಟ್ಟೆಗೆ ಇಳಿಯಿತು. ಆಗ ಪದ ನಿಂತಿತು.

"ರಾಜಾ" ಎಂದೆ. ಧ್ವನಿ ಒಡೆದಿತ್ತು. "ಗಂಡಸರು ಸಿಗಲಿಲ್ಲವೇ ಎಂದು ಕೇಳಿದೆ. ನನ್ನ ಕಣ್ಣಲ್ಲಿ ನೀರಿದೆ, ನಿನ್ನ ಸಭೆ ಅದನ್ನು ನೋಡಿದೆ. ನನಗೆ ನಾಚಿಕೆಯಾಗುತ್ತಿದೆ. ಆದರೆ ಬಂದ ಕೆಲಸ ಹೇಳದೆ ನಾನು ಏಳುವುದಿಲ್ಲ."

ಆಮೇಲೆ ಏನೇನು ಹೇಳಿದೆನೋ ನೆನಪಿಲ್ಲ. ಅರ್ಧ ಮರೆತಿದ್ದೆ. ಪ್ರಭಾಕರ ಮುಖ ಕೆಳಗೆ ಹಾಕಿ, "ಹೇಳು ದೂತ, ಕೇಳುತ್ತೇನೆ" ಎಂದ. ಮತ್ತೆ ಅವನು ಆ ಹೆಸರು ಎತ್ತಲಿಲ್ಲ, ಅಂದೂ ಇಲ್ಲ, ಮುಂದೂ ಇಲ್ಲ.

ಮುಗಿದ ಮೇಲೆ ಹಿರಿಯರೊಬ್ಬರು ಬೆನ್ನು ತಟ್ಟಿ, "ಎಂಥ ಅಭಿನಯ ಮಾರಾಯ! ನಿಜವಾಗ್ಲೂ ಅತ್ತ ಹಾಗೇ ಇತ್ತು" ಎಂದರು. ಇನ್ನೊಬ್ಬರು, "ದೂತ ಅಳೋದು ನಾನು ನೋಡಿರ್ಲಿಲ್ಲ, ಹೊಸ ಕಲ್ಪನೆ" ಎಂದರು. ಅಭಿನಯವಲ್ಲ ಎನ್ನುವ ಧೈರ್ಯ ನನಗೆಲ್ಲಿತ್ತು? ಸುಮ್ಮನೆ ತಲೆ ಅಲ್ಲಾಡಿಸಿದೆ. ಅತ್ತಿದ್ದರ ಮೇಲೆ ಈ ಹೊಗಳಿಕೆಯೂ ಸೇರಿ ಇನ್ನಷ್ಟು ಕುಗ್ಗಿಹೋದೆ.

ಅಪ್ಪ ಹೊರಗೆ ಕಾಯುತ್ತಿದ್ದ. ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆದೆವು. ಹೊಸನಗರದ ಬಸ್ಸು ಇನ್ನೂ ಬಂದಿರಲಿಲ್ಲ. ಅಪ್ಪ ಕೇಳಿದ, "ಆ ಮೇಷ್ಟ್ರು ಒಂದೇ ಪದ ಎಂತಕ್ಕೆ ಅಷ್ಟು ಸಲ ಹೇಳಿದ್ರು?"

ಸುಳ್ಳು ಹೇಳಬಹುದಿತ್ತು. ತಾಳಮದ್ದಳೆಯ ವಿಷಯ ಅಪ್ಪನಿಗೆ ಅಷ್ಟಾಗಿ ತಿಳಿಯದು. ಆದರೂ ನಿಜವನ್ನೇ ಹೇಳಿದೆ. "ನಂಗೆ ಅಳು ಬಂದಿತ್ತು ಅಪ್ಪ. ಅದು ನಿಲ್ಲಲಿ ಅಂತ ಕಾದ್ರು."

ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಹೊಸನಗರ, ಹೊಸನಗರ ಎಂದು ಕೂಗತೊಡಗಿದ. ನಾನೂ ಹತ್ತಲು ಹೋದೆ. ಅಪ್ಪ ತೋಳು ಹಿಡಿದು ನಿಲ್ಲಿಸಿದ.

"ನೀನು ಬರ್ಬೇಡ. ಓದು. ಸಣ್ಣಕಿದ್ದಾಗ ನೀನು ಅತ್ರೆ ನಾನು ಎರಡು ಬಾರಿಸಿ ಬಾಯಿ ಮುಚ್ಚಿಸ್ತಿದ್ದೆ. ಹಂಗೆ ಕಾಯ್ಬೌದು ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಗಾ."

ಹೇಳುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ, ಬಸ್ಸಿನ ಗಾಲಿ ನೋಡುತ್ತಿದ್ದ. ಅಪ್ಪ ನಾಚಿಕೊಂಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹತ್ತಿ ಕೂತವನು ಕಿಟಕಿಯಿಂದ ನನ್ನನ್ನೇ ನೋಡಿದ. ನಾನೇನಾದರೂ ಹೇಳುತ್ತೇನೇನೋ ಎಂದು ಕಾಯುತ್ತಿದ್ದ. ಪರವಾಗಿಲ್ಲಪ್ಪ ಎಂದಿದ್ದರೂ ಸಾಕಿತ್ತು. ನಾನು ಕಂಬದ ಹಾಗೆ ನಿಂತೇ ಇದ್ದೆ. ಬಸ್ಸು ಹೊರಟಿತು.

ಓದು ಮುಗಿಸಿದೆ, ಮೇಷ್ಟ್ರ ನೌಕರಿ ಮಾಡಿದೆ, ಹೆದರುವ ಎಷ್ಟೋ ಮಕ್ಕಳಿಗೆ ಉಸಿರು ನೋಡಿಕೋ, ಬಂದ ಭಾವಕ್ಕೆ ಹೆಸರಿಡು ಎಂದು ಹೇಳಿಕೊಟ್ಟೆ. ಸಾಗರದ ಆ ಸಭೆಯಲ್ಲಿ ಅತ್ತಿದ್ದಕ್ಕೆ ಈಗ ನನಗೆ ನಾಚಿಕೆಯಿಲ್ಲ. ನೂರಾರು ಜನರ ಎದುರು ನನ್ನ ಮನಸ್ಸನ್ನು ಹೇಳಿಕೊಂಡವನಿಗೆ, ಅದೇ ಸಂಜೆ ಅಪ್ಪನೊಬ್ಬನ ಎದುರು ಬಾಯಿ ಬರಲಿಲ್ಲವಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅಪ್ಪ ಇನ್ನೂ ಬಹಳ ವರ್ಷ ಬದುಕಿದ್ದ. ಹೇಳಬಹುದಿತ್ತು. ಹೇಳಲೇ ಇಲ್ಲ.