ಅಕ್ಕನನ್ನು ಕೇಳದೆ ಕೊಂಡ ಗಾಡಿ

ನಿವೃತ್ತನಾದ ವರ್ಷ ನಾನು ಒಂದು ಹಳೆಯ ಶಾಲಾ ವಾಹನವನ್ನು ಕೊಂಡೆ. ಸೀಟುಗಳನ್ನೆಲ್ಲ ಕಿತ್ತು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಪಾಯಖಾನೆ ಕೂಡಿಸಿ ಅದನ್ನೊಂದು ಮನೆ ಮಾಡಬೇಕೆಂಬುದು ನನ್ನ ಯೋಚನೆ. ಇಂಥ ಗಾಡಿಗಳಿಗೆ ಮೋಟರ್‌ಹೋಮ್ ಎನ್ನುತ್ತಾರೆಂದು ಮೊಬೈಲಿನ ವಿಡಿಯೊಗಳಿಂದ ತಿಳಿದಿದ್ದೆ. ಲಕ್ಷ್ಮೇಶ್ವರದ ನಮ್ಮ ಓಣಿಯವರು ಅದಕ್ಕೆ ‘ಗಾಲಿ ಮನಿ’ ಎಂದು ಹೆಸರಿಟ್ಟರು.

ಕೊಂಡದ್ದು ಅಕ್ಕನಿಗಾಗಿ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮೂರನೆಯ ವರ್ಷದಲ್ಲಿ ಪೋಲಿಯೊ ಬಂದು ಎರಡೂ ಕಾಲು ಹೋಗಿದ್ದವು. ಮನೆಯೊಳಗೆ ನೆಲದ ಮೇಲೆ ಕುಳಿತು, ಎರಡು ಕೈ ಊರಿ, ಮೈಯನ್ನು ಮುಂದಕ್ಕೆ ಎಳೆದುಕೊಂಡು ಓಡಾಡುತ್ತಿದ್ದಳು. ಪಡಸಾಲೆಯ ಕಿಟಕಿಯ ಹತ್ತಿರ ಕೈಯಿಂದ ತಿರುಗಿಸುವ ಹೊಲಿಗೆ ಮಷೀನು ಇಟ್ಟುಕೊಂಡು ಬ್ಲೌಸು ಹೊಲಿಯುತ್ತಿದ್ದಳು. ಅರ್ಧ ಊರಿನ ಹೆಂಗಸರ ಅಳತೆ ಅವಳ ಬಾಯಲ್ಲೇ ಇತ್ತು. ಆದರೆ ನನ್ನ ಮದುವೆಗೆ ಮುಂಡರಗಿಗೆ ಬಂದದ್ದು ಬಿಟ್ಟರೆ ಅವಳು ದೂರ ಎಲ್ಲಿಗೂ ಹೋದವಳಲ್ಲ. ಹದಿನಾಲ್ಕು ಕಿಲೋಮೀಟರು ಕೂಡ ಇಲ್ಲದ ಶಿರಹಟ್ಟಿಗೆ ಜೀವನದಲ್ಲಿ ಮೂರು ಸಲ ಹೋಗಿದ್ದಳು, ಮೂರೂ ಸಲ ಯಾರದೋ ಮದುವೆಗೆ. ಆಮೇಲೆ ಕರೆದರೂ ಬರುತ್ತಿರಲಿಲ್ಲ. ‘ಹೊಲಿಯೂದು ಐತಿ, ನೀವು ಹೋಗಿ ಬರ್ರಿ’ ಎನ್ನುತ್ತಿದ್ದಳು.

ಎತ್ತಿಕೊಂಡು ಹೋಗುವಾಗ ಮಂದಿ ನೋಡುತ್ತಾರೆಂದು ಅವಳಿಗೆ ಸಂಕೋಚ ಎಂದು ನಾನು ತಿಳಿದಿದ್ದೆ. ಮಂದಿ ನೋಡದ ಹಾಗೆ ಅವಳನ್ನು ಊರೂರು ತಿರುಗಿಸುವ ಉಪಾಯವೆಂದೇ ಈ ಗಾಡಿ ನನ್ನ ತಲೆಯೊಳಗೆ ಹೊಕ್ಕಿತ್ತು.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವನು. ಹಾಗಾಗಿ ಒಳಗಿನ ನಕಾಶೆಯನ್ನು ನಾನೇ ಡ್ರಾಯಿಂಗ್ ಶೀಟಿನ ಮೇಲೆ ಬರೆದೆ. ಮಂಚ ಎಷ್ಟು ಉದ್ದ, ಕಿಟಕಿ ಎಷ್ಟು ಎತ್ತರ, ಎಲ್ಲ ಇಂಚಿನ ಲೆಕ್ಕದಲ್ಲಿ. ಒಂದು ಸಂಜೆ ಅದನ್ನು ಅಕ್ಕನ ಮುಂದೆ ಹಾಸಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಕೇಳಿದ್ದು ಒಂದೇ ಮಾತು.

‘ಪಾಯಖಾನಿ ಗಾಡಿಯೊಳಗ ಇರತೈತೇನೋ?’

‘ಒಳಗ ಇರತೈತಿ ಅಕ್ಕಾ. ಇಲ್ಲಿ ನೋಡು, ಮೂಲ್ಯಾಗ.’

‘ಹಂಗಾದ್ರ ಬರತೇನಿ,’ ಎಂದಳು.

ಆ ಮಾತಿನ ತೂಕ ನನಗೆ ಅಂದು ತಿಳಿಯಲಿಲ್ಲ. ನಕ್ಕು ಹಾಳೆ ಸುತ್ತಿದೆ.

ಬೆಟಗೇರಿಯಲ್ಲಿ ಲಾರಿಗಳ ಬಾಡಿ ಕಟ್ಟುವ ಒಬ್ಬ ಮಿಸ್ತ್ರಿ ಆ ಕೆಲಸ ಹಿಡಿದರು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅವರಿಗೂ ಇಂಥ ಗಾಡಿ ಮೊದಲನೆಯದು, ನನಗೂ ಮೊದಲನೆಯದು. ನಕಾಶೆಯಲ್ಲಿ ಇದ್ದಂತೆಯೇ ಅವರು ಮಾಡಿಕೊಟ್ಟರು. ತಪ್ಪೆಲ್ಲ ನಕಾಶೆಯಲ್ಲಿಯೇ ಇತ್ತು.

ಮೊದಲ ಸಲ ಹೊರಟದ್ದು ಶಿರಹಟ್ಟಿಯ ಆಚೆ ಒಬ್ಬ ಗೆಳೆಯನ ಹೊಲಕ್ಕೆ. ನಾನು, ನನ್ನ ಹೆಂಡತಿ, ಅಕ್ಕ. ನಾನೂ ಹೆಂಡತಿಯೂ ಸೇರಿ ಅಕ್ಕನನ್ನು ಎತ್ತಿ ಮಂಚದ ಮೇಲೆ ಕೂಡಿಸಿದೆವು. ಅವಳು ಕಿಟಕಿಯ ಪರದೆ ಸರಿಸಿ, ಹಿಂದಕ್ಕೆ ಹೋಗುವ ಬೇವಿನ ಮರಗಳನ್ನು ನೋಡುತ್ತ ಕುಳಿತಳು. ಹೊಲದ ಬದಿಗೆ ಗಾಡಿ ನಿಲ್ಲಿಸಿದಾಗ ಒಬ್ಬ ಮುದುಕ ಆಡಿನ ಹಗ್ಗ ಹಿಡಿದು ಬಂದು, ‘ಇದು ದನದ ದವಾಖಾನಿ ಗಾಡಿ ಹೌದಲ್ರಿ? ಈ ಆಡು ಮೂರು ದಿನದಿಂದ ಮೇವು ಮುಟ್ಟವಲ್ದು,’ ಎಂದ. ಅಕ್ಕ ಕಿಟಕಿಯಿಂದಲೇ ಅವನಿಗೆ ಅಜವಾನದ ಕಷಾಯ ಹೇಳಿಕೊಟ್ಟಳು. ಆ ದಿನ ಅವಳು ಬಹಳ ನಕ್ಕಳು. ಸಂಜೆಯವರೆಗೆ ಇರೋಣವೆಂದು ಹೋದವರು ಮೂರು ಗಂಟೆಗೇ ತಿರುಗಿ ಬಂದೆವು. ತಲೆ ನೋಯುತ್ತದೆ ಎಂದು ಅಕ್ಕನೇ ಹೇಳಿದ್ದಳು.

ಮನೆಗೆ ಬಂದಮೇಲೆ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು.

‘ಅವರಿಗೆ ತಲಿನೋವು ಇಲ್ರಿ. ಆ ಪಾಯಖಾನಿಗೆ ಒಂದು ಮೆಟ್ಟಿಲ ಐತೆಲ್ಲ, ಅದನ್ನ ಏರಾಕ ಆಗಲಿಲ್ಲ. ಬಾಗಿಲಾನೂ ಸಣ್ಣದು. ನಾ ಎತ್ತಿದ್ರೂ ಇಬ್ಬರು ಹಿಡಿಸಲಿಲ್ಲ. ನಿಮಗ ಹೇಳಬ್ಯಾಡ ಅಂದ್ರು.’

ಮೆಟ್ಟಿಲು ಇದ್ದದ್ದು ಕೆಳಗಿನ ಹೊಲಸು ನೀರಿನ ಟ್ಯಾಂಕಿಗೆ ಜಾಗ ಬೇಕೆಂದು. ಒಂಬತ್ತು ಇಂಚು. ನಾನೇ ಬರೆದದ್ದು.

ಮರುದಿನವೇ ಗಾಡಿಯನ್ನು ಬೆಟಗೇರಿಗೆ ಒಯ್ದೆ. ಮಿಸ್ತ್ರಿ ಎಲ್ಲ ಕೇಳಿಕೊಂಡು ಬೀಡಿ ಆರಿಸಿದರು.

‘ಮಾಸ್ತರ್ರ, ಇದು ಯಾರ ಸಲುವಾಗಿ ಅಂತ ನೀವು ಹೇಳೇ ಇಲ್ಲಲ್ರಿ. ಅಕ್ಕಾರನ್ನ ಕರಕೊಂಡು ಬರ್ರಿ. ಅವರು ಬರೋತನಕ ನಾ ಸುತ್ತಿಗಿ ಮುಟ್ಟಂಗಿಲ್ಲ.’

ಅಕ್ಕನನ್ನು ಕರೆದುಕೊಂಡು ಹೋದೆ. ಮಿಸ್ತ್ರಿ ತಾವೇ ಗಾಡಿಯೊಳಗೆ ನೆಲಕ್ಕೆ ಕುಳಿತರು. ‘ಹೇಳ್ರಿ ಅಕ್ಕಾರ, ಕೈ ಎಲ್ಲಿತನಕ ಮುಟ್ಟತೈತಿ?’ ಎಂದು ಸೀಮೆಸುಣ್ಣ ಹಿಡಿದರು. ಅಕ್ಕ ಮೊದಲು ನಾಚಿಕೊಂಡಳು. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ತನ್ನ ತೋಳು, ತನ್ನ ಸೊಂಟ, ನೆಲದಿಂದ ಭುಜದ ಎತ್ತರ ತಾನೇ ಅಳೆದು ಹೇಳತೊಡಗಿದಳು. ‘ಹಿಡಿಕಿ ಇಲ್ಲಿರಲಿ. ಇನ್ನೊಂದು ಹಿಡಿಕಿ ಎಡಕ್ಕ, ಅದಕ್ಕಿಂತ ಒಂದು ಗೇಣು ಕೆಳಗ. ಬಾಗಿಲಾ ಬ್ಯಾಡ, ಪರದೆ ಸಾಕು.’ ಅವಳು ಹೇಳಿದ ಕಡೆಯೆಲ್ಲ ಮಿಸ್ತ್ರಿ ಗುರುತು ಹಾಕುತ್ತ ಹೋದರು. ನಾನು ಹೊರಗೆ ನಿಂತು ನೋಡುತ್ತಿದ್ದೆ. ಅರವತ್ತಾರು ವರ್ಷದ ಅಕ್ಕನನ್ನು ನಿನಗೆ ಏನು ಹೇಗೆ ಬೇಕು ಎಂದು ನಾವು ಯಾರೂ ಕೇಳಿರಲಿಲ್ಲ ಎನ್ನುವುದು ಆಗ ನನಗೆ ಹೊಳೆಯಿತು.

ಹೊಲಸು ನೀರಿನ ಟ್ಯಾಂಕನ್ನು ಗಾಡಿಯ ಹಿಂಭಾಗಕ್ಕೆ ಸರಿಸಿ, ನೆಲ ಸಮ ಮಾಡಿ, ಹಿಂದಿನ ಬಾಗಿಲಿಗೆ ಮಡಚುವ ಇಳಿಜಾರು ಹಲಗೆ ಕೂಡಿಸಿ ಮಿಸ್ತ್ರಿ ಗಾಡಿ ಕೊಟ್ಟಾಗ ದೀಪಾವಳಿ ಮುಗಿದಿತ್ತು. ಅಕ್ಕ ಆ ಹಲಗೆಯ ಮೇಲೆ ಕೈ ಊರಿ, ಯಾರೂ ಎತ್ತದೆ, ತಾನಾಗಿ ಒಳಗೆ ಹೋದಳು.

ಆ ಚಳಿಗಾಲದಲ್ಲಿ ನಾವು ಸುತ್ತಿದ್ದೇ ಸುತ್ತಿದ್ದು. ದೂರವೇನಲ್ಲ. ಮೊದಲು ಡಂಬಳ. ಕೆರೆಯ ದಂಡೆಯ ಮೇಲೆ ಗಾಡಿ ನಿಲ್ಲಿಸಿ ಎರಡು ದಿನ ಅಲ್ಲೇ ಇದ್ದೆವು. ಬೆಳಿಗ್ಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಹಲಗೆಯ ತುದಿಗೆ ಕುಳಿತು ರೊಟ್ಟಿ, ಬದನೆಕಾಯಿ ಪಲ್ಲೆ ಉಂಡು, ತಂಬಿಗೆ ಎತ್ತಿ ನೀರು ಕುಡಿದಳು. ಪೂರ್ತಿ ತಂಬಿಗೆ ಕುಡಿದು, ಇನ್ನೊಂದು ಕೊಡು ಎಂದಳು. ಹೆಂಡತಿ ನೀರು ಕೊಟ್ಟು ಮುಖ ತಿರುಗಿಸಿಕೊಂಡಳು. ಅವಳ ಕಣ್ಣು ತುಂಬಿತ್ತು.

ಕೆರೆಯ ಏರಿಯ ಮೇಲೆ ನಡೆಯುತ್ತಿರುವಾಗ ಅವಳನ್ನು ಕೇಳಿದೆ, ಏನಾಯಿತೆಂದು.

‘ಅವರು ಹಂಗ ನೀರು ಕುಡಿದದ್ದು ನಾ ನೋಡೇ ಇದ್ದಿಲ್ಲ,’ ಎಂದಳು. ‘ನಿಮಗ ಗೊತ್ತಿಲ್ಲೇನು? ಎಲ್ಲಾದರೂ ಹೊಂಟ್ರ ಹಿಂದಿನ ದಿನ ಸಂಜಿಯಿಂದ ನೀರು ಬಿಡತಿದ್ರು. ನಮ್ಮ ಲಗ್ನಕ್ಕ ಮುಂಡರಗಿಗೆ ಬಂದಾಗನೂ ಹಂಗ. ಹೋದ ಕಡೆ ಎಲ್ಲಿ ಕುಂಡ್ರಬೇಕು, ಯಾರನ್ನ ಎತ್ತು ಅನಬೇಕು? ಮನ್ಯಾಗೂ ಅಷ್ಟ. ನಿಮ್ಮ ಅವ್ವಾರಿಗೆ ವಯಸ್ಸಾದ ಮ್ಯಾಲೆ ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ, ಅಷ್ಟ ಹಿತ್ತಲಕ್ಕ ಎತ್ತಿಕೊಂಡು ಹೋಗ್ರಿ ಅಂತ ಅಕ್ಕಾರ ಅಂತಿದ್ರು. ಅದಕ್ಕ ತಕ್ಕಂಗ ನೀರು.’

‘ಮನ್ಯಾಗ ಪಾಯಖಾನಿ ಕಟ್ಟಿಸಿದ್ನೆಲ್ಲ?’

‘ಕಟ್ಟಿಸಿ ಎಂಟು ವರ್ಷ ಆತು. ಅಷ್ಟೊತ್ತಿಗೆ ಅವರಿಗೆ ನೀರಡಿಕಿ ಆಗೋದ ನಿಂತಿತ್ತು.’

ನಮ್ಮ ಮದುವೆ ಆದದ್ದು ಬೇಸಿಗೆಯಲ್ಲಿ. ಚಪ್ಪರದ ಕೆಳಗೆ ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಬೀಗರ ಕಡೆಯ ಒಬ್ಬ ಹೆಂಗಸು ಮಜ್ಜಿಗೆ ತಂದರೆ ಕೈ ಅಡ್ಡ ಹಿಡಿದಳು. ನಾನು ಬಾಸಿಂಗ ಕಟ್ಟಿಕೊಂಡೇ ಹತ್ತಿರ ಹೋಗಿ, ‘ಏನ್ ಧಿಮಾಕು ಮಾಡ್ತಿ ಅಕ್ಕಾ, ಮಂದಿ ಏನಂದಾರು, ತೊಗೋ’ ಎಂದು ಸಿಟ್ಟಿನಿಂದ ಹೇಳಿದ್ದೆ. ಅವಳು ಲೋಟ ತೆಗೆದುಕೊಂಡು ಪಕ್ಕಕ್ಕೆ ಇಟ್ಟುಕೊಂಡಿದ್ದಳು. ಕುಡಿದಳೋ ಇಲ್ಲವೋ ನಾನು ನೋಡಲಿಲ್ಲ. ಮೂವತ್ತೈದು ವರ್ಷದ ಮೇಲೆ ಡಂಬಳದ ಏರಿಯ ಮೇಲೆ ನಿಂತು ಆ ಮಾತು ನೆನೆದೆ. ನೆನೆದು ಏನು ಮಾಡುವುದು? ಗಾಡಿಗೆ ತಿರುಗಿ ಬಂದು ಅಕ್ಕನ ಪಕ್ಕದಲ್ಲಿ ಕುಳಿತೆ.

ಹೊಂಬಳದಲ್ಲಿ ಜೋಳ ತೆನೆ ಹೊತ್ತಿದ್ದಾಗ ಹೋದೆವು. ಕಳಸಾಪುರದ ದಾರಿಯಲ್ಲಿ ಜಾಲಿಯ ಟೊಂಗೆಯೊಂದು ತಗಡನ್ನು ಸೀಳಿತು, ಗಾಡಿಯ ಎತ್ತರ ನೆನಪಿಟ್ಟು ಓಡಿಸಬೇಕೆಂದು ಆಗ ಕಲಿತೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಪಲ್ಲೆಯ ಎಣ್ಣೆ ಒಂದೇ ಕಡೆ ಸೇರುತ್ತದೆಂದು ಹೆಂಡತಿ ಕಲಿತಳು. ಮುಂಡರಗಿ ದಾಟಿ ತುಂಗಭದ್ರೆಯ ದಂಡೆಗೆ ಹೋದ ದಿನ ಅಕ್ಕ ಮಧ್ಯಾಹ್ನದ ನಿದ್ದೆಯನ್ನೂ ಮಾಡಲಿಲ್ಲ. ಹೊಳೆಯನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ‘ಇದು ಯಾವಾಗಲೂ ಹಿಂಗ ಹರಕೋತ ಇರತೈತೇನೋ?’ ಎಂದು ಚಿಕ್ಕ ಹುಡುಗಿಯಂತೆ ಕೇಳಿದಳು.

ಶಿವರಾತ್ರಿಯ ಹೊತ್ತಿಗೆ ಅವಳ ಮುಖ ಬಾತುಕೊಳ್ಳಲು ಶುರುವಾಯಿತು. ಊಟ ಬೇಡವೆನ್ನುತ್ತಿದ್ದಳು. ನೂಲು ಪೋಣಿಸುವಾಗ ಕೈ ನಡುಗುತ್ತಿತ್ತು. ತಿರುಗಾಟದ ದಣಿವು ಎಂದುಕೊಂಡು ಹದಿನೈದು ದಿನ ಕಳೆದೆವು. ಗದುಗಿನ ಒಂದು ದವಾಖಾನೆಯಲ್ಲಿ ತೋರಿಸಿದಾಗ ಎರಡೂ ಮೂತ್ರಪಿಂಡ ಬಹುತೇಕ ಕೆಲಸ ನಿಲ್ಲಿಸಿವೆ ಎಂದರು. ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಅಕ್ಕನ ಕೈ ಹಿಡಿದೇ ಮಾತಾಡುತ್ತಿದ್ದರು.

‘ಮೂತ್ರದ ಉರಿ, ಹರಳು ಇದೆಲ್ಲ ಮೊದಲಿನಿಂದ ಇತ್ತೇನ್ರಿ ಅಮ್ಮಾ?’

‘ಉರಿ ಸಣ್ಣಾಕಿ ಇದ್ದಾಗಿಂದನೂ ಐತ್ರಿ. ಅದೇನ್ ಹೇಳೂದು ಅಂತ ಬಿಟ್ಟಿದ್ದೆ.’

ಇದರಿಂದಲೇ ಆಯಿತೆಂದು ಖಚಿತವಾಗಿ ಹೇಳಲಾರೆ, ಆದರೆ ವರ್ಷಗಟ್ಟಲೆ ನೀರು ಕಡಿಮೆ ಕುಡಿದು, ತಡೆದುಕೊಂಡು, ಸೋಂಕಾಗುತ್ತ ಬಂದರೆ ಹೀಗಾಗುವುದುಂಟು ಎಂದು ಡಾಕ್ಟರು ನನಗೆ ಹೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಇನ್ನು ಮುಂದೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಕುಡಿಯಬಾರದು, ಕಷ್ಟವಾಗುತ್ತದೆ, ಆದರೂ ತಡೆದುಕೊಳ್ಳಬೇಕು ಎಂದರು.

‘ಅದು ನನಗ ರೂಢಿ ಐತ್ರಿ ಡಾಕ್ಟರ್,’ ಎಂದಳು ಅಕ್ಕ.

ನಾನು ಎದ್ದು ಹೊರಗೆ ಬಂದೆ. ಅಲ್ಲಿ ಕುಳಿತವರು ನನ್ನ ಕಡೆ ನೋಡುತ್ತಿದ್ದರು. ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟೆ.

ಆಮೇಲೆ ಎಂಟು ತಿಂಗಳು ಆ ಗಾಡಿ ಓಡಿದ್ದು ಒಂದೇ ದಾರಿಯಲ್ಲಿ. ವಾರಕ್ಕೆ ಎರಡು ಸಲ ಲಕ್ಷ್ಮೇಶ್ವರದಿಂದ ಗದಗಕ್ಕೆ, ಡಯಾಲಿಸಿಸ್ ಮುಗಿಸಿ ತಿರುಗಿ ಲಕ್ಷ್ಮೇಶ್ವರಕ್ಕೆ. ಬಿಸಿಲಿಗೆ ತಗಡು ಕಾಯುತ್ತಿತ್ತು. ಮೇಲೆ ಒದ್ದೆ ಗೋಣಿ ಹಾಸುತ್ತಿದ್ದೆ. ಅಕ್ಕ ಮಂಚದ ಮೇಲೆ ಮಲಗಿ ಬರುತ್ತಿದ್ದಳು. ಹೋಗುವಾಗ ಮಾತಾಡುತ್ತಿದ್ದಳು, ಬರುವಾಗ ಇಲ್ಲ. ಒಮ್ಮೆ ಬರುವ ದಾರಿಯಲ್ಲಿ ಬೇವಿನ ನೆರಳು ಕಂಡು ಗಾಡಿ ನಿಲ್ಲಿಸಿ ಹಿಂದಕ್ಕೆ ಹೋಗಿ ಕುಳಿತೆ. ಎಷ್ಟೋ ದಿನದಿಂದ ಹೇಳಬೇಕೆಂದಿದ್ದೆ.

‘ಅಕ್ಕಾ, ನಾ ಒಮ್ಮೆನೂ ನಿನ್ನ ಕೇಳಲಿಲ್ಲ.’

ಯಾವುದರ ಮಾತೆಂದು ಅವಳು ಕೇಳಲಿಲ್ಲ. ಕಣ್ಣು ಮುಚ್ಚಿಯೇ ಇದ್ದಳು.

‘ಕೇಳಿದ್ರೂ ಹೇಳತಿದ್ದಿಲ್ಲೋ ತಮ್ಮಾ. ತಮ್ಮನ ಮುಂದ ಹೇಳೋ ಮಾತೇನು ಅದು? ಅವ್ವನ ಮುಂದೂ ಹೇಳಿದ್ದಿಲ್ಲ.’ ಕಿಟಕಿಯ ಕಡೆ ಹೊರಳಿ, ‘ಆ ನಾಕು ತಿಂಗಳು ಛಲೋ ಇದ್ವು. ನಡಿ ಈಗ, ಹೊತ್ತಾತು,’ ಎಂದಳು.

ಸಮಾಧಾನಕ್ಕೆ ಹೇಳಿದಳೋ, ನಿಜವಾಗಿಯೂ ಅವಳಿಗೆ ನನ್ನ ಮೇಲೆ ಏನೂ ಇರಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ನನಗೆ ಆ ಮಾತಿನಿಂದ ಸಮಾಧಾನ ಆಗಲಿಲ್ಲ. ಕೇಳಬೇಕಾದ ದಿನಗಳಲ್ಲಿ ನಾನು ನಕಾಶೆ ಬರೆಯುತ್ತಿದ್ದೆ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ದವಾಖಾನೆಯಲ್ಲಿಯೇ ಅವಳು ತೀರಿಕೊಂಡಳು. ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಕೂಡಿಸುವ ಮೊದಲೇ ಉಸಿರು ನಿಂತಿತ್ತು. ಅಲ್ಲಿಯವರು ಆಂಬ್ಯುಲೆನ್ಸ್ ಕರೆಸುತ್ತೇವೆ ಎಂದರು. ಬೇಡವೆಂದೆ. ಅವಳ ಮಂಚದ ಮೇಲೆಯೇ ಮಲಗಿಸಿ ತಂದೆವು. ಹೆಂಡತಿ ಪಕ್ಕದಲ್ಲಿ ನೆಲಕ್ಕೆ ಕುಳಿತು ಅವಳ ಕೈ ಹಿಡಿದುಕೊಂಡಿದ್ದಳು. ಉಬ್ಬು ತಗ್ಗು ಬಂದ ಕಡೆಯೆಲ್ಲ ನಾನು ನಿಧಾನ ಮಾಡುತ್ತಿದ್ದೆ, ಅವಳಿಗೆ ನೋವಾದೀತೆಂದು. ಇನ್ನು ನೋವಿಲ್ಲವೆಂದು ತಿಳಿದಿದ್ದರೂ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಓಣಿಗೆ ಬಂದಾಗ ಅವಳ ಹತ್ತಿರ ಬ್ಲೌಸು ಹೊಲಿಸಿದ ಹೆಂಗಸರು ಕಟ್ಟೆಯ ಮೇಲೆ ಕಾಯುತ್ತಿದ್ದರು.

ವರ್ಷದ ಕಾರ್ಯ ಮುಗಿಯುವವರೆಗೆ ಗಾಡಿ ಮನೆಯ ಮುಂದೆ ನಿಂತಿತ್ತು. ಒಮ್ಮೆ ಹೆಂಡತಿಯನ್ನು ಕರೆದೆ, ಎಲ್ಲಿಗಾದರೂ ಹೋಗಿ ಬರೋಣ ಎಂದು. ಅವಳು ಒಳಗೆ ಹತ್ತಿ, ಒಲೆ ಒರೆಸಿ, ಕೆಳಗಿಳಿದು, ‘ನನಗ ಆಗೂದಿಲ್ರಿ,’ ಎಂದಳು. ನಾನೂ ಒತ್ತಾಯ ಮಾಡಲಿಲ್ಲ.

ಈ ಮಳೆಗಾಲಕ್ಕೆ ಮೊದಲು ಗದುಗಿನ ಒಬ್ಬ ವ್ಯಾಪಾರಿ ಮತ್ತು ಅವರ ಹೆಂಡತಿ, ಮಾರಾಟಕ್ಕಿಟ್ಟ ಗಾಡಿ ನೋಡಲು ಬಂದರು. ಅವರಿಗೂ ಇದು ಮೊದಲನೆಯದು. ವಯಸ್ಸು ನಲವತ್ತರೊಳಗೆ, ಉತ್ಸಾಹದ ಜನ. ‘ನೀವು ಇದರಾಗ ಎಲ್ಲೆಲ್ಲಿ ತಿರುಗೀರಿ ಸರ್?’ ಎಂದು ಅವರು ಕೇಳಿದರು.

‘ಡಂಬಳ, ಹೊಂಬಳ, ಮುಂಡರಗಿ,’ ಎಂದೆ.

ಅವರು ಇನ್ನೂ ಊರುಗಳ ಹೆಸರು ಬರುತ್ತವೆಂದು ಕಾದರು. ಬರಲಿಲ್ಲ. ಆಕೆ ಪಾಯಖಾನೆಯ ಗೋಡೆಯ ಕೆಳಗಿನ ಹಿಡಿಕೆಗಳನ್ನು ನೋಡಿ, ಇವು ಯಾತಕ್ಕೆ ಇಷ್ಟು ಕೆಳಗೆ ಎಂದು ಕೇಳಿದಳು. ಅಕ್ಕನ ಸಲುವಾಗಿ ಎಂದೆ. ತೆಗೆಸಿದರೆ ಬೇಸರವಿಲ್ಲವೇ ಎಂದಳು. ಇಲ್ಲ ತಾಯಿ, ನಿಮಗೆ ಹೇಗೆ ಬೇಕೋ ಹಾಗೆ ಮಾಡಿಸಿಕೊಳ್ಳಿ ಎಂದೆ. ಹಾಗೆ ಹೇಳುವಾಗ ದನಿ ಸರಿಯಾಗಿಯೇ ಇತ್ತು.

ಕಾಗದಪತ್ರದ ಕೆಲಸಕ್ಕಾಗಿ ನಾನೇ ಗಾಡಿಯನ್ನು ಗದಗದವರೆಗೆ ಓಡಿಸಿಕೊಂಡು ಹೋಗಿ ಕೀಲಿ ಕೊಟ್ಟೆ. ಸಂಜೆ ಬಸ್ಸಿನಲ್ಲಿ ತಿರುಗಿ ಬಂದೆ. ಸಂತೆಯ ದಿನವಾದ್ದರಿಂದ ಶಿರಹಟ್ಟಿಯವರೆಗೆ ನಿಂತೇ ಬರಬೇಕಾಯಿತು. ಮನೆಗೆ ಬಂದಾಗ ಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದಳು. ಗಾಡಿ ನಿಂತಿದ್ದ ಜಾಗದಲ್ಲಿ ಹುಲ್ಲು ಹಳದಿಯಾಗಿತ್ತು, ಅದನ್ನು ಕಿತ್ತು ಗುಡಿಸಿದ್ದಳು. ‘ಊಟ ಮಾಡೀರೇನು?’ ಎಂದಳು. ಇಲ್ಲ ಎಂದೆ. ಒಳಗೆ ಹೋಗಿ ಇಬ್ಬರೂ ಉಂಡೆವು.